ಮೂರು ಹುಲಿ, ಹದಿನೈದು ಆಡು

ಹೈದರಾಬಾದಿಗೆ ಬಂದ ಮೇಲೆ ಗೊತ್ತಿದ್ದ ಆಟವೊಂದಕ್ಕೆ ಹೊಸ ಹೆಸರು ಕೇಳಿದೆ: ಪುಲಿ-ಮೇಕ. ಅದು ನಮ್ಮ ಆಡು-ಹುಲಿ ಆಟವೇ. ಹಳಗನ್ನಡದ ‘ಪುಲಿ’ ನಮ್ಮಲ್ಲಿ ‘ಹುಲಿ’ಯಾಯಿತು, ತೆಲುಗು, ತಮಿಳಿನಲ್ಲಿ ಪಕಾರ ಹಾಗೇ ಉಳಿಯಿತು. ಲೆಕ್ಕವೂ ಹಾಗೇ ಉಳಿದಿದೆ: 23 ಮನೆ, 3 ಹುಲಿ, 15 ಆಡು. ಹಂಪಿಯ ಕಲ್ಲುಹಾಸಿನ ಮೇಲೆ ಇಂಥ ಆಟದ ಗೆರೆಗಳು ಈಗಲೂ ಕಾಣುತ್ತವೆ.

ಬಲವುಳ್ಳ ಕೆಲವರು, ಬಲವಿಲ್ಲದ ಹಲವರು. ಇಬ್ಬರ ಕಾದಾಟ ಸಮವಾಗುವುದು ಹೇಗೆ? ಅಮೆರಿಕದಲ್ಲಿ 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಹೊರತಂದಾಗಿನಿಂದ ಆಟ ನಡೆಸುವವರಿಗೆ ಇದೇ ತಲೆನೋವು. ನಾಲ್ವರು ವೀರರ ಎದುರು ಎಷ್ಟು ರಾಕ್ಷಸರನ್ನು ನಿಲ್ಲಿಸಬೇಕು? 2000ದ ಆವೃತ್ತಿ ಪ್ರತಿ ರಾಕ್ಷಸನಿಗೂ ಒಂದು ಅಂಕಿ ಕೊಟ್ಟಿತು. 2014ರ ಆವೃತ್ತಿ ಇನ್ನೊಂದು ಲೆಕ್ಕ ಸೇರಿಸಿತು: ರಾಕ್ಷಸರು ಇಬ್ಬರಾದರೆ ಒಟ್ಟು ಅಂಕವನ್ನು ಒಂದೂವರೆಯಿಂದ ಗುಣಿಸಿ, 15 ಅಥವಾ ಹೆಚ್ಚಾದರೆ ನಾಲ್ಕರಿಂದ. ಕಾರಣ ಸರಳ. ಅಲ್ಲಿ ಪ್ರತಿಯೊಬ್ಬನಿಗೂ ಸರದಿ ಉಂಟು; ಹದಿನೈದು ಜನ ಒಂದು ಸುತ್ತಿನಲ್ಲಿ ಹದಿನೈದು ಏಟು ಹಾಕಬಲ್ಲರು.

ಮೊದಲ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಎಂಜಿನಿಯರ್ ಫ್ರೆಡರಿಕ್ ಲ್ಯಾಂಚೆಸ್ಟರ್ ಇದನ್ನೇ ಸೂತ್ರವಾಗಿಸಿದ್ದ: ಎಲ್ಲರೂ ಎಲ್ಲರ ಮೇಲೂ ಗುರಿಯಿಡಬಲ್ಲ ಕದನದಲ್ಲಿ ಬಲ ಸಂಖ್ಯೆಯ ವರ್ಗಕ್ಕೆ ತಕ್ಕಂತೆ ಏರುತ್ತದೆ. ಆಡುಗಳು ಹುಲಿಗಳ ಐದರಷ್ಟಿವೆ. ಆ ಸೂತ್ರ ಇಲ್ಲಿ ನಡೆಯುವಂತಿದ್ದರೆ ಸಮಬಲಕ್ಕೆ ಒಂದೊಂದು ಹುಲಿಯ ಹೊಡೆತವೂ ಒಂದು ಆಡಿನ ಹೊಡೆತದ 25ರಷ್ಟಿರಬೇಕಿತ್ತು.

ನಮ್ಮ ಆಟ ಆ ದಾರಿ ಹಿಡಿಯಲಿಲ್ಲ. ಹದಿನೈದು ಆಡುಗಳಿಗೂ ಸೇರಿ ಒಂದೇ ಸರದಿ. ಹುಲಿ ಒಂದು ಹೆಜ್ಜೆ, ಆಡು ಒಂದು ಹೆಜ್ಜೆ. ಅಷ್ಟೂ ಆಡುಗಳನ್ನು ಒಂದೊಂದಾಗಿ ಇಟ್ಟು ಮುಗಿಸುವವರೆಗೆ ಯಾವುದನ್ನೂ ನಡೆಸುವಂತಿಲ್ಲ. ಹುಲಿಗಳು ಮಾತ್ರ ಅಲ್ಲಿಯವರೆಗೂ ಬೇಟೆಯಾಡಬಹುದು. ಆಡು ಹುಲಿಯನ್ನು ಕೊಲ್ಲುವುದಿಲ್ಲ, ದಾರಿ ಕಟ್ಟುತ್ತದೆ.

ಹಾಗಾಗಿ ಇಲ್ಲಿ ಎಣಿಸಬೇಕಾದದ್ದು ಖಾಲಿ ಮನೆಗಳನ್ನು. ಒಂದೂ ಸಾಯದೆ ಎಲ್ಲ ಆಡುಗಳೂ ಇಳಿದರೆ 23ರಲ್ಲಿ 18 ತುಂಬಿ 5 ಉಳಿಯುತ್ತವೆ. ಐದು ಆಡು ಸತ್ತರೆ ಖಾಲಿ ಮನೆ ಹತ್ತಾಗುತ್ತದೆ. ಹುಲಿಗೆ ನುಸುಳಲು ಜಾಗ ಇಮ್ಮಡಿ. ಆಡಿನ ಬೆನ್ನ ಹಿಂದಿನ ಮನೆ ಖಾಲಿಯಿದ್ದರೆ ಹುಲಿ ಹಾರಿ ಹೊಡೆಯುತ್ತದೆ. ಬೆನ್ನಿಗೆ ಇನ್ನೊಂದು ಆಡು ನಿಂತಿದ್ದರೆ ಆ ದಿಕ್ಕಿನಲ್ಲಿ ಹಾರಲಾರದು.

ನೇಪಾಳದ ಬಾಘ್‌ಚಾಲ್‌ನಲ್ಲಿ 25 ಮನೆ, 4 ಹುಲಿ, 20 ಆಡು. ಅಲ್ಲೂ ಒಂದಕ್ಕೆ ಐದು! ಲಿಮ್ ಯು ಜಿನ್ ಮತ್ತು ಯುರ್ಗ್ ನೀವರ್ಗೆಲ್ಟ್ ಕಂಪ್ಯೂಟರಿನಲ್ಲಿ ಅದನ್ನು ಲೆಕ್ಕಹಾಕಿದಾಗ ಸಿಕ್ಕ ಉತ್ತರ: ಎರಡೂ ಕಡೆಯವರು ತಪ್ಪಿಲ್ಲದೆ ಆಡಿದರೆ ಆಟ ಡ್ರಾ.

ಆ ಸಮತೂಕವನ್ನು ಮೊದಲು ಕಂಡುಕೊಂಡವರ ಹೆಸರು ಎಲ್ಲೂ ಬರೆದಿಲ್ಲ. ಹುಲಿಯ ಹಲ್ಲು ಕೀಳದೆ, ಆಡಿಗೆ ಕೋರೆ ಕೊಡದೆ, ಸರದಿ ಮತ್ತು ಜಾಗ ಎರಡನ್ನೇ ಹಂಚಿ ಅವರು ಅದನ್ನು ಸಾಧಿಸಿದ್ದರು.