ಎರಡು ಸಲ ತೊಳೆದ ಪಾತ್ರೆಯಲ್ಲೂ ಬಿಯರ್ ಹುಳಿಯಾಗಿದ್ದು ಯಾಕೆ?

ಅಡುಗೆಮನೆಯಲ್ಲಿ ಪಾತ್ರೆ ತೊಳೀತಾ ಕೇಳ್ತಿದ್ದರೆ ಒಳ್ಳೇದೇ. ಇವತ್ತಿನ ವಿಷಯ ಪಾತ್ರೆ ತೊಳೆಯೋದೇ.

ಕಳೆದ ತಿಂಗಳು ಒಂದು ಭಾನುವಾರ ಅಣ್ಣ ವಿಡಿಯೊ ಕಾಲ್ ಮಾಡಿದ. ಅಣ್ಣ ಅಂದ್ರೆ ನನ್ನ ದೊಡ್ಡಪ್ಪನ ಮಗ, ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದಾನೆ. ಫೋನನ್ನು ಸಿಂಕ್ ಕಡೆ ತಿರುಗಿಸಿದ. ಕಂದು ಬಣ್ಣದ ನೊರೆ ಸುತ್ತಿ ಸುತ್ತಿ ಕೆಳಗೆ ಇಳೀತಿತ್ತು. “20 ಲೀಟರ್ ಕಣೋ. ಮೂರು ವಾರ ಕಾದಿದ್ದೆ. ಪೂರ್ತಿ ಹುಳಿ” ಅಂದ. ಸರಿಯಾಗಿ ತೊಳೆದಿಲ್ಲವೇನೋ ಅಂದೆ. ಅವನಿಗೆ ಸಿಟ್ಟೇ ಬಂತು. “ಎರಡು ಸಲ ಸೋಪ್ ಹಾಕಿ ತೊಳೆದಿದ್ದೀನಿ. ಬಕೆಟ್ ಫಳಫಳ ಅಂತಿತ್ತು!”

ಮುಂದೆ ಹೋಗೋ ಮೊದಲು ಒಂದು ಮಾತು. ಬ್ರಿಟನ್‌ನಲ್ಲಿ ಮನೆ ಬಳಕೆಗೆ ಬಿಯರ್ ಮಾಡೋಕೆ 1963ರಿಂದ ಲೈಸೆನ್ಸ್ ಬೇಕಿಲ್ಲ. ಅಮೆರಿಕದಲ್ಲಿ ಜಿಮ್ಮಿ ಕಾರ್ಟರ್ ಅಧ್ಯಕ್ಷರಾಗಿದ್ದಾಗ, 1978ರಲ್ಲಿ, ಅದಕ್ಕೆ ದಾರಿ ಮಾಡಿಕೊಟ್ಟರು. ನಮ್ಮ ಕರ್ನಾಟಕದಲ್ಲಿ ಲೈಸೆನ್ಸ್ ಇಲ್ಲದೆ ಮಾಡಿದರೆ ಅಬಕಾರಿ ಕಾನೂನಿನಡಿ ಅಪರಾಧ. ಹಾಗಾಗಿ ಇದು ರೆಸಿಪಿ ಎಪಿಸೋಡ್ ಅಲ್ಲ, ಚರಿತ್ರೆಯ ಎಪಿಸೋಡ್.

ನಾನು ಓದಿದ್ದು ಬಿ.ಕಾಂ. ಕಾಸ್ಟ್ ಅಕೌಂಟಿಂಗ್‌ನಲ್ಲಿ ‘ಪ್ರೊಸೆಸ್ ಕಾಸ್ಟಿಂಗ್’ ಅಂತ ಒಂದು ಪಾಠ ಇರುತ್ತೆ. ಅದರಲ್ಲಿ ನಷ್ಟ ಎರಡು ಥರ. ಒಂದು ನಾರ್ಮಲ್ ಲಾಸ್: ಈ ಕೆಲಸ ಅಂದ್ಮೇಲೆ ಇಷ್ಟು ಹಾಳಾಗೋದು ಸಹಜ ಅಂತ ಒಪ್ಪಿಕೊಂಡು, ಅದರ ಖರ್ಚನ್ನು ಉಳಿದ ಒಳ್ಳೇ ಮಾಲಿನ ಮೇಲೆ ಹಂಚಿಬಿಡೋದು. ಇನ್ನೊಂದು ಅಬ್‌ನಾರ್ಮಲ್ ಲಾಸ್: ಆಗಬಾರದಿತ್ತು, ಆಗಿದೆ, ಬೇರೆ ಖಾತೆಯಲ್ಲಿ ತೋರಿಸಿ ಕಾರಣ ಹುಡುಕು ಅನ್ನೋದು. ಬಿಯರ್ ಪಾತ್ರೆಯ ಚರಿತ್ರೆ ಓದ್ತಾ ಓದ್ತಾ ನನಗೆ ಅನ್ನಿಸಿದ್ದು, ಇಡೀ ಕತೆ ಒಂದೇ ಒಂದು ಎಂಟ್ರಿಯನ್ನು ಮೊದಲನೇ ಖಾತೆಯಿಂದ ಎರಡನೇ ಖಾತೆಗೆ ಬದಲಾಯಿಸಿದ್ದು ಅಂತ.

ಸಾವಿರಾರು ವರ್ಷ ಬಿಯರ್ ಕೆಡೋದು ನಾರ್ಮಲ್ ಲಾಸ್ ಆಗಿತ್ತು. ಬೇಸಿಗೆ ಬಂದರೆ ಕೆಡುತ್ತೆ. ಗುಡುಗಿದರೆ ಕೆಡುತ್ತೆ ಅನ್ನೋ ನಂಬಿಕೆ ಯುರೋಪಿನ ಎಷ್ಟೋ ಕಡೆ ಇತ್ತು. ಹಾಗಂತ ಆ ಜನ ಕೊಳಕರಲ್ಲ. ಮರದ ಪೀಪಾಯಿಗೆ ಕುದಿಯುವ ನೀರು ಹುಯ್ದು ತೊಳೀತಿದ್ದರು. ಒಳಗೆ ಗಂಧಕ ಉರಿಸಿ ಹೊಗೆ ಹಾಕ್ತಿದ್ದರು. ಜರ್ಮನಿಯಲ್ಲಿ ಪೀಪಾಯಿಯ ಒಳಮೈಗೆ ಮರದ ರಾಳ ಕಾಯಿಸಿ ಬಳೀತಿದ್ದರು, ಮರದ ಸಂದಿಗೆ ಬಿಯರ್ ಇಳಿಯದೇ ಇರಲಿ ಅಂತ. ನಾರ್ವೆಯ ಹಳ್ಳಿಮನೆಗಳಲ್ಲಿ ಜೂನಿಪರ್ ಅನ್ನೋ ಗಿಡದ ರೆಂಬೆಗಳನ್ನು ನೀರಲ್ಲಿ ಕುದಿಸಿ, ಆ ಬಿಸಿ ಕಷಾಯದಲ್ಲೇ ಪಾತ್ರೆ ತೊಳೆಯೋ ಪದ್ಧತಿ ಇತ್ತು. ಇವೆಲ್ಲ ಒಂದಷ್ಟು ಕೆಲಸ ಮಾಡ್ತಿದ್ದವು. ಯಾಕೆ ಅನ್ನೋದು ಮಾತ್ರ ಗೊತ್ತಿರಲಿಲ್ಲ.

ಯಾಕೆ ಗೊತ್ತಿರಲಿಲ್ಲ ಅಂದ್ರೆ ಬಿಯರ್ ಆಗೋದು ಹೇಗೆ ಅನ್ನೋದೇ ಗೊತ್ತಿರಲಿಲ್ಲ. 1516ರಲ್ಲಿ ಬವೇರಿಯಾದಲ್ಲಿ ಬಿಯರ್‌ಗೆ ಒಂದು ಹೆಸರಾಂತ ಕಾನೂನು ಬಂತು. ಬಾರ್ಲಿ, ಹಾಪ್ಸ್, ನೀರು, ಇಷ್ಟೇ ಹಾಕಬೇಕು ಅಂತ. ಆ ಪಟ್ಟಿಯಲ್ಲಿ ಯೀಸ್ಟ್ ಇಲ್ಲ! 1680ರಲ್ಲಿ ಹಾಲೆಂಡಿನ ಲೇವೆನ್‌ಹುಕ್ ಮೈಕ್ರೋಸ್ಕೋಪಿನಲ್ಲಿ ಬಿಯರ್ ಇಟ್ಟು ಪುಟ್ಟ ಪುಟ್ಟ ಗುಂಡುಗಳನ್ನು ಕಂಡ, ಆದರೆ ಅವಕ್ಕೆ ಜೀವ ಇದೆ ಅನ್ನೋದು ಅವನಿಗೆ ಹೊಳೀಲಿಲ್ಲ. 1837ರ ಸುಮಾರಿಗೆ ಮೂವರು ವಿಜ್ಞಾನಿಗಳು ಬೇರೆ ಬೇರೆಯಾಗಿ “ಯೀಸ್ಟ್‌ಗೆ ಜೀವ ಇದೆ” ಅಂದರು. ಆಗಿನ ರಸಾಯನಶಾಸ್ತ್ರದ ದೊಡ್ಡ ಹೆಸರು ಲೀಬಿಗ್ ಇದನ್ನು ಒಪ್ಪಲಿಲ್ಲ. ಸಾಲದ್ದಕ್ಕೆ ಅವರನ್ನು ಗೇಲಿ ಮಾಡುವ ಲೇಖನವೊಂದು 1839ರಲ್ಲಿ ಅವನ ಪತ್ರಿಕೆಯಲ್ಲೇ ಅಚ್ಚಾಯಿತು.

ಈಗ 1856. ಫ್ರಾನ್ಸಿನ ಲೀಲ್ ಪಟ್ಟಣ. ಬೀಟ್‌ರೂಟ್‌ನಿಂದ ಆಲ್ಕೋಹಾಲ್ ಮಾಡೋ ಬಿಗೋ ಅನ್ನೋ ಒಬ್ಬ ಉದ್ಯಮಿಗೆ ನಷ್ಟ. ಕೆಲವು ತೊಟ್ಟಿ ಚೆನ್ನಾಗಿ ಹುದುಗುತ್ತೆ, ಕೆಲವು ಹುಳಿಯಾಗುತ್ತೆ. ಅವನ ಮಗ ಓದ್ತಿದ್ದ ಕಾಲೇಜಿನ ಮೇಷ್ಟ್ರೇ ಲೂಯಿ ಪ್ಯಾಶ್ಚರ್. ಪ್ಯಾಶ್ಚರ್ ಫ್ಯಾಕ್ಟರಿಗೆ ಹೋಗಿ ಎರಡೂ ಬಗೆಯ ತೊಟ್ಟಿಯಿಂದ ಹನಿ ತಂದು ಮೈಕ್ರೋಸ್ಕೋಪಿನಲ್ಲಿಟ್ಟು ನೋಡಿದರು. ಒಳ್ಳೇ ತೊಟ್ಟಿಯಲ್ಲಿ ದುಂಡನೆಯ ಯೀಸ್ಟ್. ಕೆಟ್ಟ ತೊಟ್ಟಿಯಲ್ಲಿ ಬೇರೆ ಆಕಾರದ ಜೀವಿಗಳು. ಅಂದ್ರೆ ಬಿಗೋನ ತೊಟ್ಟಿಗೆ ಗ್ರಹಚಾರ ಏನೂ ಹಿಡಿದಿರಲಿಲ್ಲ. ಕರೆಯದೇ ಬಂದ ಬೇರೆ ಜೀವಿ ಅಲ್ಲಿ ಸಂಸಾರ ಹೂಡಿತ್ತು.

ಹದಿನೈದು ವರ್ಷ ಬಿಟ್ಟು, 1871. ಪ್ರಷ್ಯಾ ಜೊತೆ ಯುದ್ಧದಲ್ಲಿ ಫ್ರಾನ್ಸ್ ಸೋತಿದೆ. ಪ್ಯಾಶ್ಚರ್‌ಗೆ ಎಷ್ಟು ಸಿಟ್ಟು ಅಂದ್ರೆ ಜರ್ಮನಿಯ ಬಾನ್ ವಿಶ್ವವಿದ್ಯಾಲಯ ಕೊಟ್ಟಿದ್ದ ಗೌರವ ಪದವಿಯನ್ನೇ ವಾಪಸ್ ಕಳಿಸಿದರು. ಬಿಯರ್‌ನಲ್ಲಾದರೂ ಜರ್ಮನರನ್ನು ಮೀರಿಸಬೇಕು ಅಂತ ಕೆಲಸ ಶುರು ಮಾಡಿ, ತಮ್ಮ ವಿಧಾನಕ್ಕೆ ಪೇಟೆಂಟ್ ತಗೊಂಡರು. ಅದೇ ಸೆಪ್ಟೆಂಬರ್‌ನಲ್ಲಿ ಲಂಡನ್ನಿಗೆ ಬಂದು ವಿಟ್‌ಬ್ರೆಡ್ ಅನ್ನೋ ದೊಡ್ಡ ಬ್ರೂವರಿಗೆ ಹೋದರು. ಅಲ್ಲಿಯ ಪೋರ್ಟರ್ ಬಿಯರ್‌ನ ಯೀಸ್ಟ್ ತರಿಸಿ ಮೈಕ್ರೋಸ್ಕೋಪಿನಲ್ಲಿ ನೋಡಿ, ಈ ಬಿಯರ್ ಸರಿ ಬರ್ತಿಲ್ಲ ಅಲ್ವಾ ಅಂತ ಕೇಳಿದರು. ಮ್ಯಾನೇಜರ್‌ಗಳು ಮುಖ ಮುಖ ನೋಡಿಕೊಂಡರು. ಯಾಕಂದ್ರೆ ಅವತ್ತು ಬೆಳಿಗ್ಗೆಯಷ್ಟೇ ಇನ್ನೊಂದು ಬ್ರೂವರಿಯಿಂದ ಹೊಸ ಯೀಸ್ಟ್ ತರಿಸಿದ್ದರು. ವಾರದೊಳಗೆ ಪ್ಯಾಶ್ಚರ್ ಮತ್ತೆ ಹೋದಾಗ ಅಲ್ಲಿಗೂ ಒಂದು ಮೈಕ್ರೋಸ್ಕೋಪ್ ಬಂದಿತ್ತು.

1876ರಲ್ಲಿ ಪ್ಯಾಶ್ಚರ್ ಬಿಯರ್ ಬಗ್ಗೆ ಒಂದು ಪೂರ್ತಿ ಪುಸ್ತಕ ಬರೆದರು. ತಿರುಳು ಸರಳ. ಬಾರ್ಲಿ ರಸವನ್ನು ಕುದಿಸಿದಾಗ ಅದರಲ್ಲಿದ್ದದ್ದು ಸಾಯುತ್ತೆ. ಆರಿದ ಮೇಲೆ ಅದಕ್ಕೆ ತಗುಲುವ ಗಾಳಿ, ಪಾತ್ರೆ, ಯೀಸ್ಟ್, ಈ ಮೂರೂ ಶುದ್ಧವಾಗಿರಬೇಕು. ಮನೆಯಲ್ಲಿ ಬಿಯರ್ ಮಾಡುವವರು ಇವತ್ತಿಗೂ ಪಾಲಿಸೋದು ಇದನ್ನೇ. ಕುದಿಯೋ ಹಂಡೆ ಬಗ್ಗೆ ಅಷ್ಟು ತಲೆ ಕೆಡಿಸಿಕೊಳ್ಳಲ್ಲ, ಆರಿದ ಮೇಲೆ ಮುಟ್ಟೋ ಸೌಟು, ಪೈಪು, ಮುಚ್ಚಳ, ನಲ್ಲಿ, ಬಾಟಲಿ, ಇವೇ ಅಪಾಯ.

ಇಲ್ಲಿಗೆ ಕತೆ ಮುಗೀತು ಅಂದ್ಕೊಂಡಿದ್ದೆ. ಇಲ್ಲ, ಇನ್ನೊಂದು ಪಾತ್ರ ಇದೆ.

ಕೋಪನ್‌ಹೇಗನ್. ಜೆ.ಸಿ. ಯಾಕೋಬ್ಸನ್ ಅನ್ನೋರು 1847ರಲ್ಲಿ ಕಾರ್ಲ್ಸ್‌ಬರ್ಗ್ ಬ್ರೂವರಿ ಶುರು ಮಾಡಿದ್ದರು. ಮಗನ ಹೆಸರು ಕಾರ್ಲ್, ಬ್ರೂವರಿ ಇದ್ದದ್ದು ಗುಡ್ಡದ ಮೇಲೆ, ಹಾಗಾಗಿ ಆ ಹೆಸರು. 1875ರಲ್ಲಿ ಬ್ರೂವರಿಗೆ ಅಂತಲೇ ಒಂದು ಪ್ರಯೋಗಾಲಯ ಕಟ್ಟಿಸಿದರು. ಸ್ವಚ್ಛತೆ, ಶಿಸ್ತು, ದುಡ್ಡು, ಯಾವುದಕ್ಕೂ ಕೊರತೆ ಇರಲಿಲ್ಲ. ಆದರೂ 1883ರಲ್ಲಿ ಅವರ ಬಿಯರೇ ಕೆಟ್ಟಿತು. ಕಹಿ, ಕೆಟ್ಟ ವಾಸನೆ.

ಆ ಪ್ರಯೋಗಾಲಯದಲ್ಲಿದ್ದವರು ಎಮಿಲ್ ಕ್ರಿಶ್ಚಿಯನ್ ಹಾನ್ಸೆನ್. ಚಿಕ್ಕ ವಯಸ್ಸಲ್ಲಿ ಮನೆಗಳಿಗೆ ಬಣ್ಣ ಹೊಡೆಯೋ ಕೆಲಸ ಮಾಡಿ, ಆಮೇಲೆ ಓದಿ ಮೇಲೆ ಬಂದವರು. ಕಾಡು ಯೀಸ್ಟ್‌ಗಳು ಬೇಸಿಗೆಯಲ್ಲಿ ಮಾಗಿದ ಹಣ್ಣಿನ ಮೇಲೆ, ಚಳಿಗಾಲದಲ್ಲಿ ಮಣ್ಣಿನಲ್ಲಿ ಬದುಕುತ್ತವೆ ಅಂತ ಅವರು ಆಗಲೇ ತೋರಿಸಿದ್ದರು. ಈಗ ಅವರು ಹೇಳಿದ್ದು, ಬಿಯರ್ ಕೆಡಿಸೋದು ಬ್ಯಾಕ್ಟೀರಿಯಾ ಮಾತ್ರ ಅಲ್ಲ, ಯೀಸ್ಟಿನೊಳಗೆ ಯೀಸ್ಟಿನ ಥರವೇ ಕಾಣೋ ಬೇರೆ ಯೀಸ್ಟ್ ಸೇರಿಕೊಂಡರೂ ಸಾಕು ಅಂತ. ಅಂದ್ರೆ ಮೈಕ್ರೋಸ್ಕೋಪಿನಲ್ಲಿ ನೋಡಿದರೂ ಸುಲಭಕ್ಕೆ ಗೊತ್ತಾಗಲ್ಲ. ಅದಕ್ಕೆ ದಾರಿಯೂ ಅವರೇ ಹುಡುಕಿದರು. ಯೀಸ್ಟ್ ಇರೋ ದ್ರವಕ್ಕೆ ನೀರು ಬೆರೆಸ್ತಾ ಬೆರೆಸ್ತಾ ತೆಳು ಮಾಡಿ, ಒಂದೇ ಒಂದು ಕೋಶವನ್ನು ಬೇರ್ಪಡಿಸಿ, ಅದರಿಂದಲೇ ಇಡೀ ಬೆಳೆ ತೆಗೆದರು. 1883ರ ನವೆಂಬರ್‌ನಲ್ಲಿ ಆ ಶುದ್ಧ ಯೀಸ್ಟ್‌ನಿಂದ ಕಾರ್ಲ್ಸ್‌ಬರ್ಗ್‌ನಲ್ಲಿ ಬಿಯರ್ ತಯಾರಾಯಿತು.

ಕಾಮರ್ಸ್ ಓದಿದ ನನಗೆ ಇಲ್ಲಿ ನಂಬೋಕೆ ಕಷ್ಟ ಆಗಿದ್ದು ಮುಂದಿನ ವಿಷಯ. ಯಾಕೋಬ್ಸನ್ ಈ ಯೀಸ್ಟ್‌ಗೆ ಪೇಟೆಂಟ್ ತಗೊಳ್ಳಲಿಲ್ಲ. ಕೇಳಿದ ಬೇರೆ ಬ್ರೂವರಿಗಳಿಗೂ ಸುಮ್ಮನೆ ಕೊಟ್ಟರು, ಪ್ರತಿಸ್ಪರ್ಧಿಗಳಿಗೆ! ಅವರು ತಾವೇ ಹಿಂದೆ 1845ರಲ್ಲಿ ಮ್ಯೂನಿಕ್‌ನಿಂದ ಯೀಸ್ಟ್ ತಂದವರು. ಟೋಪಿ ಇಡೋ ಪೆಟ್ಟಿಗೆಯಲ್ಲಿ ಇಟ್ಟುಕೊಂಡು, ದಾರಿಯುದ್ದಕ್ಕೂ ತಣ್ಣೀರು ಹಾಕಿ ತಂಪು ಮಾಡ್ತಾ ತಂದರು ಅನ್ನೋ ಕತೆ ಪ್ರಸಿದ್ಧ. ಬಹುಶಃ ಆ ಋಣ ಮರೆತಿರಲಿಲ್ಲ.

ಸರಿ, ಅಣ್ಣನ ಬಕೆಟ್‌ಗೆ ಬರೋಣ. ಇಷ್ಟೆಲ್ಲ ಚರಿತ್ರೆಯಿಂದ ಉಳಿದಿರೋದು ಒಂದು ವ್ಯತ್ಯಾಸ. ತೊಳೆಯೋದು ಬೇರೆ, ಸ್ಯಾನಿಟೈಸ್ ಮಾಡೋದು ಬೇರೆ. ತೊಳೆಯೋದು ಅಂದ್ರೆ ಕಾಣೋ ಕೊಳೆ, ಜಿಡ್ಡು, ಒಣಗಿದ ನೊರೆ ತೆಗೆಯೋದು. ಸ್ಯಾನಿಟೈಸ್ ಅಂದ್ರೆ ಕಾಣದ ಜೀವಿಗಳನ್ನು ತೊಂದರೆ ಕೊಡದಷ್ಟು ಕಡಿಮೆ ಮಾಡೋದು. ಎರಡೂ ಬೇಕು, ಇದೇ ಕ್ರಮದಲ್ಲಿ ಬೇಕು. ಕೊಳೆ ಉಳಿದಿದ್ದರೆ ಔಷಧಿ ಕೊಳೆಯ ಮೇಲೇ ಖರ್ಚಾಗುತ್ತೆ, ಅಡಿಯಲ್ಲಿರೋ ಜೀವಿ ಆರಾಮಾಗಿರುತ್ತೆ.

ಹಿಂದೆ ಮನೆಯಲ್ಲಿ ಮಾಡುವವರು ಬ್ಲೀಚ್ ಬಳಸೋದು ಮಾಮೂಲಾಗಿತ್ತು. ಅದು ಸ್ವಲ್ಪ ಉಳಿದರೂ ಬಿಯರ್‌ಗೆ ಆಸ್ಪತ್ರೆ ವಾಸನೆ ಬರುತ್ತೆ. ಜೊತೆಗೆ ಬ್ಲೀಚ್‌ಗೆ ವಿನೆಗರ್‌ನಂಥ ಆಮ್ಲ ಸೇರಿದರೆ ವಿಷದ ಕ್ಲೋರಿನ್ ಅನಿಲ ಬರುತ್ತೆ. ಬಾತ್‌ರೂಮ್ ತೊಳೆಯೋವಾಗಲೂ ಇದು ನೆನಪಿರಲಿ, ಬಿಯರ್ ಮಾತು ಹಾಗಿರಲಿ. ಈಗ ಹೆಚ್ಚಿನವರು ಬಳಸೋದು ಅಯೋಡಿನ್ ದ್ರಾವಣ ಅಥವಾ ಫಾಸ್ಫಾರಿಕ್ ಆಮ್ಲದ ದ್ರಾವಣ. ಹೇಳಿದ ಅಳತೆಯಲ್ಲಿ ಬೆರೆಸಿದರೆ ಆಮೇಲೆ ನೀರು ಹಾಕಿ ತೊಳೆಯೋದು ಬೇಡ. ಆಮ್ಲದ್ದು ಕೆಲಸ ಮಾಡಬೇಕಂದ್ರೆ ಪಿಎಚ್ 3ಕ್ಕಿಂತ ಕೆಳಗಿರಬೇಕು. ಆ ಪಿಎಚ್ ಅಳತೆ ಹುಟ್ಟಿದ್ದೂ 1909ರಲ್ಲಿ, ಅದೇ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ, ಸೋರೆನ್‌ಸೆನ್ ಅನ್ನೋ ವಿಜ್ಞಾನಿಯಿಂದ.

ಈ ವಿಷಯ ನನ್ನನ್ನು ಯಾಕೆ ಹಿಡಿದುಕೊಂಡಿತು ಅಂತ ಹೇಳಿಬಿಡ್ತೀನಿ. ಡಿಗ್ರಿ ಮುಗಿಸಿ ಮೊದಲು ಸೇರಿದ್ದು ಒಂದು ಚಿಕ್ಕ ಮೊಸರಿನ ಘಟಕದಲ್ಲಿ, ಅಕೌಂಟ್ಸ್ ಕೆಲಸಕ್ಕೆ. ಒಂದು ತಿಂಗಳು ಮೇಲಿಂದ ಮೇಲೆ ಮೊಸರು ಕೆಟ್ಟಿತು. ಪಾತ್ರೆ, ಪೈಪು ತೊಳೆಯೋಕೆ ಒಬ್ಬರು ಅಕ್ಕ ಇದ್ದರು. ಅವರು ಸರಿಯಾಗಿ ತೊಳೆದಿಲ್ಲ ಅಂತ ತೀರ್ಮಾನ ಆಯಿತು. ಅವರ ಸಂಬಳದಲ್ಲಿ 1,200 ರೂಪಾಯಿ ಹಿಡಿದರು. ಆ ಎಂಟ್ರಿ ಹಾಕಿದ್ದು ನಾನು. ಅಕ್ಕ ನನ್ನ ಟೇಬಲ್ ಹತ್ತಿರ ಬಂದು, “ದಿನಾ ಬಿಸಿನೀರು ಹಾಕ್ತೀನಿ ಸರ್, ಬೇಕಾದ್ರೆ ನೀವೇ ಬಂದು ನೋಡಿ” ಅಂದರು. ನಾನು ಎದ್ದು ಹೋಗಲಿಲ್ಲ.

ಎರಡು ತಿಂಗಳಾದ ಮೇಲೆ ಮೆಷಿನ್ ರಿಪೇರಿಗೆ ಬಂದವರು ಪೈಪಿನ ಒಂದು ಜಾಯಿಂಟ್ ಬಿಚ್ಚಿದರು. ಒಳಗಿನ ರಬ್ಬರ್ ವಾಷರ್ ಬಿರುಕು ಬಿಟ್ಟಿತ್ತು, ಹಿಂದೆ ಹಾಲಿನ ಹಳೇ ಕೆನೆ ಕಲ್ಲಿನ ಥರ ಕಟ್ಟಿತ್ತು. ಹೊರಗಿನಿಂದ ಎಷ್ಟು ಬಿಸಿನೀರು ಹಾಕಿದರೂ ಅಲ್ಲಿಗೆ ತಲುಪೋದಿಲ್ಲ. ವಾಷರ್ ಬದಲಾಯಿತು, ಮೊಸರು ಸರಿಹೋಯಿತು. ಅಕ್ಕ ಅಷ್ಟು ಹೊತ್ತಿಗೆ ಕೆಲಸ ಬಿಟ್ಟಿದ್ದರು. 1,200 ರೂಪಾಯಿ ವಾಪಸ್ ಕೊಡೋ ಎಂಟ್ರಿಯನ್ನು ಯಾರೂ ಹಾಕಿಸಲಿಲ್ಲ. ನಾನೂ ಕೇಳಲಿಲ್ಲ.

ಕಾರಣ ಗೊತ್ತಿಲ್ಲದಾಗ ನಾವು ಗುಡುಗನ್ನು ಬೈತೀವಿ, ಇಲ್ಲಾಂದ್ರೆ ಕೈಗೆ ಸಿಕ್ಕ ಮನುಷ್ಯರನ್ನು ಬೈತೀವಿ. ಪ್ಯಾಶ್ಚರ್, ಹಾನ್ಸೆನ್ ಮಾಡಿದ್ದು ಬಿಯರ್ ಉಳಿಸಿದ್ದಷ್ಟೇ ಅಲ್ಲ. ಕೆಟ್ಟಾಗ ಮೊದಲು ಬಿಚ್ಚಿ ನೋಡಿ, ಆಮೇಲೆ ಮಾತಾಡಿ ಅನ್ನೋ ಅಭ್ಯಾಸ ಕಲಿಸಿದರು. ನಾನು ಅದನ್ನು ತಡವಾಗಿ ಕಲಿತೆ.

ಅಣ್ಣನಿಗೆ ಫೋನ್ ಮಾಡಿ ಬಕೆಟ್ಟಿನ ನಲ್ಲಿ ಬಿಚ್ಚಿ ನೋಡು ಅಂದೆ. ಬಿಚ್ಚಿದ. ಮರೆಯ ಸುತ್ತಿನ ಒಳಗೆ ಕಂದು ಬಣ್ಣದ ಲೋಳೆ. ಎರಡು ಸಲ ಸೋಪ್ ಹಾಕಿ ತೊಳೆದಿದ್ದು ಸುಳ್ಳಲ್ಲ, ನಲ್ಲಿಯ ಒಳಗೆ ಸೋಪ್ ಹೋಗಿರಲಿಲ್ಲ ಅಷ್ಟೇ. “ಸರಿಯಾಗಿ ತೊಳೆದಿಲ್ಲವೇನೋ ಅಂದಿದ್ದೆನಲ್ಲ, ಸಾರಿ ಕಣೋ” ಅಂದೆ. ನಕ್ಕುಬಿಟ್ಟ.

ಆ ಅಕ್ಕನ ನಂಬರ್ ನನ್ನ ಹತ್ತಿರ ಇಲ್ಲ. ಹುಡುಕ್ತಿದ್ದೀನಿ.