ದಂಡನೆಯಿಂದ ಸಾಂತ್ವನದವರೆಗೆ

ಆಸ್ಪತ್ರೆಗಳಲ್ಲಿ ತಲೆಮಾರುಗಳಿಂದ ಕೇಳಿಬಂದ ಒಂದು ಸುಳ್ಳಿದೆ. ಜೀವ ಕಳೆದುಕೊಳ್ಳಲು ಹೋಗಿ ಹೇಗೋ ಉಳಿದ ಮಗನನ್ನೋ ಸೊಸೆಯನ್ನೋ ಕರೆತಂದ ಮನೆಯವರು, ಡಾಕ್ಟರು ಕೇಳುವ ಮೊದಲೇ, “ಆಕಸ್ಮಿಕವಾಗಿ ಆಯಿತು ಸ್ವಾಮಿ” ಎಂದುಬಿಡುತ್ತಾರೆ. ಅದು ಸುಳ್ಳೆಂಬುದು ಹೇಳುವವರಿಗೂ ಗೊತ್ತು, ಕೇಳುವವರಿಗೂ ಗೊತ್ತು. ಮಾನ ಹೋದೀತೆಂಬ ಅಂಜಿಕೆ ಇದಕ್ಕೆ ಒಂದು ಕಾರಣವಾದರೆ, ಪೊಲೀಸರ ಅಂಜಿಕೆ ಇನ್ನೊಂದು. ಈ ಎರಡನೆಯ ಅಂಜಿಕೆ ನಮ್ಮ ದೇಶಕ್ಕೆ ಹೇಗೆ ಬಂತು, ಅದು ತೊಲಗಲು ಎಷ್ಟು ಕಾಲ ಹಿಡಿಯಿತು, ಅದರ ನಡುವೆಯೇ ನೊಂದವರ ಕೈಹಿಡಿಯಲು ಯಾರು ಮುಂದೆ ಬಂದರು ಎಂಬುದನ್ನು ಇಲ್ಲಿ ಸ್ಥೂಲವಾಗಿ ನೋಡೋಣ.

ಮೆಕಾಲೆಯ ನೇತೃತ್ವದಲ್ಲಿ ಕರಡು ಸಿದ್ಧವಾಗಿ, 1860ರಲ್ಲಿ ಅಂಗೀಕೃತವಾದ ಭಾರತೀಯ ದಂಡ ಸಂಹಿತೆಯ 309ನೆಯ ಕಲಮು ಆತ್ಮಹತ್ಯೆಯ ಪ್ರಯತ್ನವನ್ನು ಅಪರಾಧವೆಂದು ಸಾರಿ, ಒಂದು ವರ್ಷದವರೆಗಿನ ಸಾದಾ ಸಜೆಯನ್ನು ಗೊತ್ತುಪಡಿಸಿತು. ಬದುಕೇ ಬೇಡವೆಂದವನನ್ನು ಸೆರೆಮನೆಯ ಹೆದರಿಕೆಯಿಂದ ಬದುಕಿಗೆ ತಿರುಗಿಸುವ ವಿಚಿತ್ರ ಉಪಾಯವಿದು! ಇದರ ಬೇರು ಇದ್ದದ್ದು ಇಂಗ್ಲೆಂಡಿನ ಹಳೆಯ ನ್ಯಾಯಪದ್ಧತಿಯಲ್ಲಿ. ಆ ಇಂಗ್ಲೆಂಡೇ 1961ರಲ್ಲಿ ಶಾಸನ ಮಾಡಿ ಈ ಅಪರಾಧವನ್ನು ರದ್ದುಪಡಿಸಿತು. ಕೊಟ್ಟವರು ಕೈಬಿಟ್ಟರು, ಪಡೆದ ನಾವು ಬಿಡಲಿಲ್ಲ.

ಬಿಡುವ ಪ್ರಯತ್ನ ನಡೆಯಲಿಲ್ಲವೆಂದಲ್ಲ. 1971ರಲ್ಲಿ ನ್ಯಾಯ ಆಯೋಗವು ಈ ಕಲಮನ್ನು ತೆಗೆದುಹಾಕಬೇಕೆಂದು ಶಿಫಾರಸು ಮಾಡಿತು. 1978ರಲ್ಲಿ ರಾಜ್ಯಸಭೆ ಅದಕ್ಕೆ ತಕ್ಕ ತಿದ್ದುಪಡಿಯನ್ನು ಒಪ್ಪಿಯೂ ಆಗಿತ್ತು. ಆದರೆ ಲೋಕಸಭೆಯ ಒಪ್ಪಿಗೆ ಸಿಗುವ ಮೊದಲೇ, 1979ರಲ್ಲಿ, ಆ ಸಭೆಯೇ ವಿಸರ್ಜನೆಯಾಗಿ ಮಸೂದೆ ಬಿದ್ದುಹೋಯಿತು.

ಆಮೇಲೆ ಮಾತು ನ್ಯಾಯಾಲಯಗಳಿಗೆ ಬಂತು. ಇದರಲ್ಲಿ ನಮ್ಮ ಮುಂಬಯಿಯ ಪಾತ್ರ ದೊಡ್ಡದು. ರಸ್ತೆ ಅಪಘಾತವೊಂದರ ತರುವಾಯ ಮನೋರೋಗಕ್ಕೆ ತುತ್ತಾಗಿದ್ದ ಇಲ್ಲಿನ ಒಬ್ಬ ಪೊಲೀಸ್ ಪೇದೆ ಜೀವ ಕಳೆದುಕೊಳ್ಳಲು ಯತ್ನಿಸಿ, ಉಳಿದು, ಆರೋಪಿಯಾದ. ಅವನ ಅರ್ಜಿಯ ಮೇಲೆ 1986ರಲ್ಲಿ ತೀರ್ಪಿತ್ತ ಮುಂಬಯಿ ಹೈಕೋರ್ಟು 309ನೆಯ ಕಲಮು ಸಂವಿಧಾನಕ್ಕೆ ವಿರುದ್ಧವೆಂದಿತು. ಮನಸ್ಸು ಕದಡಿ ಇಂಥ ಕಾರ್ಯಕ್ಕೆ ಹೋದವರಿಗೆ ಬೇಕಾದದ್ದು ವೈದ್ಯನ ಆರೈಕೆಯೇ ಹೊರತು ಸೆರೆಮನೆಯ ಕೋಣೆಯಲ್ಲ ಎಂಬುದು ಆ ತೀರ್ಪಿನ ತಿರುಳು. 1994ರಲ್ಲಿ ಸರ್ವೋಚ್ಚ ನ್ಯಾಯಾಲಯದ ಪೀಠವೊಂದು ಕಲಮನ್ನು ತಳ್ಳಿಹಾಕಿತು. ಆದರೆ 1996ರಲ್ಲಿ ಐವರು ನ್ಯಾಯಾಧೀಶರ ಪೀಠ ಆ ತೀರ್ಪನ್ನು ಬದಲಿಸಿ, ಕಲಮನ್ನು ಮತ್ತೆ ನಿಲ್ಲಿಸಿತು.

ಕಾನೂನು ಹೀಗೆ ಹಿಂದೆ ಮುಂದೆ ತೂಗಾಡುತ್ತಿದ್ದಾಗ, ಅದರ ದಾರಿ ಕಾಯದೆ ಕೆಲಸಕ್ಕೆ ಇಳಿದವರಿದ್ದರು. ಅವರ ಮೇಲ್ಪಂಕ್ತಿಯನ್ನು ತಿಳಿಯಲು ಒಂದು ಕ್ಷಣ ಲಂಡನ್ನಿಗೆ ಹೋಗಬೇಕು. ಚಾಡ್ ವಾರಾ ಎಂಬ ಪಾದ್ರಿ 1935ರಲ್ಲಿ, ಇನ್ನೂ ತರುಣನಾಗಿದ್ದಾಗ, 14 ವರ್ಷದ ಬಾಲೆಯೊಬ್ಬಳ ಅಂತ್ಯಸಂಸ್ಕಾರ ನಡೆಸಬೇಕಾಗಿ ಬಂತು. ತಾನು ಮೈನೆರೆದದ್ದನ್ನು ಯಾವುದೋ ಕೆಟ್ಟ ರೋಗವೆಂದು ತಿಳಿದು, ಕೇಳಲು ಯಾರೂ ಇಲ್ಲದೆ, ಆಕೆ ಪ್ರಾಣ ಬಿಟ್ಟಿದ್ದಳು. ಆ ನೋವನ್ನು ಮರೆಯದ ವಾರಾ 1953ರಲ್ಲಿ ತಮ್ಮ ಚರ್ಚಿನಲ್ಲಿ ಒಂದು ಟೆಲಿಫೋನ್ ಇಟ್ಟುಕೊಂಡು, ಬದುಕಿನಲ್ಲಿ ದಿಕ್ಕುಗೆಟ್ಟವರು ಕರೆಯಬಹುದೆಂದು ಸಾರಿದರು. ಕರೆಯುವವರೂ ಬರುವವರೂ ಹೆಚ್ಚಿದರು. ಬಂದವರಿಗೆ ಚಹಾ ಕೊಟ್ಟು ಕೂಡಿಸಲು ಕೆಲವು ಸ್ವಯಂಸೇವಕರಿದ್ದರು. ಸ್ವಲ್ಪ ದಿನಗಳಲ್ಲಿ ವಾರಾ ಒಂದು ಸಂಗತಿಯನ್ನು ಗಮನಿಸಿದರು: ಸರದಿ ಕಾಯುತ್ತ ಆ ಸ್ವಯಂಸೇವಕರೊಡನೆ ಮಾತಾಡಿದವರಲ್ಲಿ ಹಲವರಿಗೆ ಪಾದ್ರಿಯನ್ನು ಕಾಣುವ ಅಗತ್ಯವೇ ಉಳಿಯುತ್ತಿರಲಿಲ್ಲ. ಕಿವಿಗೊಟ್ಟು ಕೇಳುವ ಒಬ್ಬ ಸಾಮಾನ್ಯ ಮನುಷ್ಯನೇ ಅವರಿಗೆ ಸಾಕಾಗಿದ್ದ. ‘ಸಮಾರಿಟನ್ಸ್’ ಸಂಸ್ಥೆ ಬೆಳೆದದ್ದು ಈ ಅರಿವಿನ ಮೇಲೆ.

ಇದೇ ಅರಿವು ನಮ್ಮಲ್ಲೂ ಬೇರೂರಿತು. 1986ರಲ್ಲಿ ಮನೋವೈದ್ಯೆ ಡಾ. ಲಕ್ಷ್ಮಿ ವಿಜಯಕುಮಾರ್ ಮದರಾಸಿನಲ್ಲಿ ‘ಸ್ನೇಹಾ’ ಸಂಸ್ಥೆಯನ್ನು ಕಟ್ಟಿದರು. ಅಲ್ಲಿ ಫೋನೆತ್ತಿದವರು ತರಬೇತಿ ಪಡೆದ ಸ್ವಯಂಸೇವಕರು. ಪರೀಕ್ಷೆಯಲ್ಲಿ ನಪಾಸಾದ ಮಕ್ಕಳಿಗೆ ವರ್ಷವೊಂದು ವ್ಯರ್ಥವಾಗದಂತೆ ಬೇಗನೆ ಮರುಪರೀಕ್ಷೆ ನಡೆಸಬೇಕೆಂದು ತಮಿಳುನಾಡಿನಲ್ಲಿ ವಾದಿಸಿದವರಲ್ಲಿ ಈ ಸಂಸ್ಥೆಯೂ ಒಂದು. ಸೋತ ಮಗುವಿಗೆ ಉಪದೇಶಕ್ಕಿಂತ ಇನ್ನೊಂದು ಅವಕಾಶ ದೊಡ್ಡದೆಂಬುದನ್ನು ಅವರು ಕಂಡಿದ್ದರು.

ಇನ್ನು ನಮ್ಮ ನಾಡಿನ ಕೊಡುಗೆ. ಬೆಂಗಳೂರಿನ ಮಾನಸಿಕ ಆಸ್ಪತ್ರೆಯನ್ನು ನಮ್ಮ ಹಿರಿಯರು ‘ಹುಚ್ಚಾಸ್ಪತ್ರೆ’ ಎಂದೇ ಕರೆಯುತ್ತಿದ್ದರು. ಆ ಆಸ್ಪತ್ರೆಯೂ 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ 1974ರಲ್ಲಿ ಒಂದುಗೂಡಿ ‘ನಿಮ್ಹಾನ್ಸ್’ ಆಯಿತು. ಕಾಯಿಲೆಯವರು ಬೆಂಗಳೂರಿಗೆ ಬರಲೆಂದು ಕಾಯುವುದಕ್ಕಿಂತ, ಆರೈಕೆಯನ್ನೇ ಹಳ್ಳಿಗೆ ಒಯ್ಯಬಾರದೇಕೆ ಎಂಬ ವಿಚಾರ ಅಲ್ಲಿನ ವೈದ್ಯರಲ್ಲಿ ಬಲಿಯಿತು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡಾಗ, ಅದನ್ನು ಜಿಲ್ಲೆಯ ಮಟ್ಟದಲ್ಲಿ ನಡೆಸಿ ನೋಡಲು ಆರಿಸಿದ್ದು ಬಳ್ಳಾರಿಯನ್ನು. 1980ರ ದಶಕದ ಉತ್ತರಾರ್ಧದಲ್ಲಿ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಅಲ್ಪಾವಧಿಯ ತರಬೇತಿ ಕೊಡಲಾಯಿತು. ಅಗತ್ಯವಾದ ಕೆಲವೇ ಔಷಧಗಳನ್ನು ಕೇಂದ್ರಗಳಲ್ಲಿ ಇಡಲಾಯಿತು. ಜ್ವರಕ್ಕೂ ಕೆಮ್ಮಿಗೂ ಬರುವ ಬಾಗಿಲಿಗೇ ಮನೋವ್ಯಥೆಯವರೂ ಬರುವಂತಾಯಿತು. 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಕಾರ್ಯಕ್ರಮವನ್ನು ಬೇರೆ ರಾಜ್ಯಗಳಿಗೆ ವಿಸ್ತರಿಸಿದಾಗ ಮುಂದಿದ್ದದ್ದು ಈ ಬಳ್ಳಾರಿ ಮಾದರಿಯೇ. ಕನ್ನಡಿಗರಾದ ನಾವು ಹಂಪೆಯ ಜೊತೆಗೆ ನೆನೆಯಬೇಕಾದ ಬಳ್ಳಾರಿ ಇದು.

ಕಾನೂನು ಕಡೆಗೂ ದಾರಿಗೆ ಬಂತು. 2017ರ ಮಾನಸಿಕ ಆರೋಗ್ಯ ಶಾಸನವು, ಇಂಥ ಪ್ರಯತ್ನ ಮಾಡಿದವರು ತೀವ್ರವಾದ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರನ್ನು ದಂಡಿಸಕೂಡದು ಎಂದಿತು. ಅಷ್ಟೇ ಅಲ್ಲ, ಅವರಿಗೆ ಆರೈಕೆ, ಚಿಕಿತ್ಸೆ, ಪುನರ್ವಸತಿ ಒದಗಿಸುವುದು ಸರ್ಕಾರದ ಕರ್ತವ್ಯವೆಂದಿತು. 2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಾಗ ಹಳೆಯ 309 ಇಲ್ಲವಾಯಿತು. ಸರ್ಕಾರಿ ನೌಕರನನ್ನು ಮಣಿಸಲು ಇಂಥ ಪ್ರಯತ್ನ ಮಾಡುವುದಷ್ಟೇ ಈಗ ಅಪರಾಧವಾಗಿ ಉಳಿದಿದೆ. 2022ರಲ್ಲಿ ಆತ್ಮಹತ್ಯೆ ತಡೆಯುವ ರಾಷ್ಟ್ರೀಯ ಕಾರ್ಯನೀತಿಯೂ, ಅಕ್ಟೋಬರ್ 10ರಂದು ‘ಟೆಲಿ ಮಾನಸ್’ ಎಂಬ ದೂರವಾಣಿ ಸೇವೆಯೂ ಬಂದವು. 14416ಕ್ಕೆ ಹಗಲಿರುಳೂ ಉಚಿತವಾಗಿ ಕರೆ ಮಾಡಬಹುದು. ಅಲ್ಲಿ ಮಾತಾಡುವ ಭಾಷೆಗಳಲ್ಲಿ ನಮ್ಮ ಕನ್ನಡವೂ ಒಂದು.

ಇಷ್ಟಾದರೂ, 2022ರ ಒಂದೇ ವರ್ಷದಲ್ಲಿ ದೇಶದಲ್ಲಿ ಹೀಗೆ ಜೀವ ಕಳೆದುಕೊಂಡವರ ಸಂಖ್ಯೆ, ಸರ್ಕಾರದ ದಾಖಲೆಯಂತೆ, 1,70,924. ಪೊಲೀಸರ ಅಂಜಿಕೆಗೆ ಆಧಾರ ಹೋಯಿತು. ಮಾನದ ಅಂಜಿಕೆ ನಮ್ಮ ಮನೆಗಳಲ್ಲಿ ಇನ್ನೂ ಇದೆ. ಅದನ್ನು ತೆಗೆಯಲು ಪಾರ್ಲಿಮೆಂಟಿನಿಂದ ಆಗದು.

ಊರು ಬಿಟ್ಟು ಬಂದ ನಮಗೆ ಇದು ಹತ್ತಿರದ ಮಾತು. ಬಾಡಿಗೆಯ ಕೋಣೆಯಲ್ಲಿ ಒಬ್ಬನೇ ಇರುವ ಹುಡುಗ, ಮಕ್ಕಳೆಲ್ಲ ದೂರ ಹೋದ ಮೇಲೆ ಸಂಘದ ಕಡೆ ಬರುವುದನ್ನೇ ಬಿಟ್ಟ ಹಿರಿಯರು—ಇವರು ನಮಗೆಲ್ಲ ಗೊತ್ತಿರುವವರೇ. ‘ಬದುಕು ಬೇಡವೆನಿಸುತ್ತಿದೆಯೇ?’ ಎಂದು ನೇರವಾಗಿ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಯಲ್ಲಿ ತುಂಬಿದಂತಾದೀತೆಂದು ನಾವು ಹೆದರುತ್ತೇವೆ. ಹಾಗಾಗದು, ಕೇಳಿದರೆ ಎದೆಯ ಭಾರ ಇಳಿಯುತ್ತದೆ ಎಂಬುದು ಬಲ್ಲವರ ಅನುಭವ. ಲಂಡನ್ನಿನ ಚಹಾ ಕೊಡುವವರಿಗೂ ಬಳ್ಳಾರಿಯ ಆರೋಗ್ಯ ಕಾರ್ಯಕರ್ತರಿಗೂ ಸಾಧ್ಯವಾದದ್ದು ನಮಗೂ ಸಾಧ್ಯವಿದೆ. ಬಹುದಿನಗಳಿಂದ ಕಾಣಿಸದ ಸದಸ್ಯರೊಬ್ಬರ ಮನೆಯ ಕದವನ್ನು ಈ ತಿಂಗಳು ನಾವೊಮ್ಮೆ ತಟ್ಟೋಣ. ಅವರದೇ ಭಾಷೆಯಲ್ಲಿ ‘ಹೇಗಿದ್ದೀರಿ?’ ಎಂದು ಕೇಳಿ, ಉತ್ತರ ಪೂರ್ತಿ ಮುಗಿಯುವವರೆಗೆ ಕುಳಿತುಕೊಳ್ಳೋಣ.