ಹೊಟೇಲಿನ ಮುಂಬಾಗಿಲು, ಹಿಂಬಾಗಿಲು

ಮುಂಬಯಿಯ ಕನ್ನಡಿಗರಾದ ನಮಗೆ ಹೊಟೇಲು ಎಂದರೆ ಬರಿಯ ಕಾಫಿ ತಿಂಡಿಯ ಜಾಗವಲ್ಲ. ಊರು ಬಿಟ್ಟು ಬಂದ ನಮ್ಮ ಹಿರಿಯರಲ್ಲಿ ಅನೇಕರಿಗೆ ಈ ನಗರದ ಮೊದಲ ತುತ್ತು, ಮೊದಲ ಸಂಬಳ, ರಾತ್ರಿ ಚಾಪೆ ಹಾಸಲು ಮೊದಲ ನೆಲ ದೊರೆತದ್ದು ಹೊಟೇಲಿನಲ್ಲಿಯೇ. ಆದುದರಿಂದ ದೂರದ ಅಮೆರಿಕದಲ್ಲಿ ಹೊಟೇಲ್ ಸಿಬ್ಬಂದಿಯನ್ನೇ ಪಾತ್ರಗಳಾಗಿಸಿಕೊಂಡು ಒಂದು ದೂರದರ್ಶನ ಧಾರಾವಾಹಿ ಐದು ವರ್ಷ ನಡೆಯಿತೆಂದರೆ ನಮಗೆ ಕುತೂಹಲ ಮೂಡುವುದು ಸಹಜ. ಅದರಲ್ಲಿ ಕಾಣಿಸಿಕೊಂಡವರು ಯಾರು, ಕಾಣಿಸದೆ ಉಳಿದವರು ಯಾರು ಎಂದು ಕೇಳುತ್ತ ಹೋದರೆ ಒಂದು ನಗರದ ದುಡಿಮೆಯ ಚರಿತ್ರೆಯೇ ನಮ್ಮೆದುರು ತೆರೆದುಕೊಳ್ಳುತ್ತದೆ.

'ಹೊಟೇಲ್' ಎಂಬ ಈ ಧಾರಾವಾಹಿ ಎ.ಬಿ.ಸಿ. ವಾಹಿನಿಯಲ್ಲಿ 1983ರ ಸೆಪ್ಟೆಂಬರಿನಲ್ಲಿ ಆರಂಭವಾಗಿ 1988ರ ಮೇ ತಿಂಗಳಲ್ಲಿ ಮುಗಿಯಿತು. ನಿರ್ಮಾಪಕರು ಆರನ್ ಸ್ಪೆಲಿಂಗ್. ಕಥೆ ನಡೆಯುವುದು ಸ್ಯಾನ್ ಫ್ರಾನ್ಸಿಸ್ಕೋದ 'ಸೇಂಟ್ ಗ್ರೆಗರಿ' ಎಂಬ ಕಲ್ಪಿತ ಹೊಟೇಲಿನಲ್ಲಿ. ವಾರವಾರವೂ ಹೊಸ ಅತಿಥಿಗಳು ತಮ್ಮ ತಮ್ಮ ಸುಖದುಃಖಗಳನ್ನು ಹೊತ್ತು ಬರುತ್ತಾರೆ, ಹೋಗುತ್ತಾರೆ. ಸಿಬ್ಬಂದಿ ಮಾತ್ರ ಅದೇ. ಜೇಮ್ಸ್ ಬ್ರೋಲಿನ್ ಅವರದು ವ್ಯವಸ್ಥಾಪಕನ ಪಾತ್ರ. ಒಡತಿಯಾಗಿ ಮೊದಲ ಕಂತಿನಲ್ಲಿ ಬಂದ ಹಿರಿಯ ನಟಿ ಬೆಟ್ಟಿ ಡೇವಿಸ್ ಕಾಯಿಲೆಯಿಂದ ಹಿಂದೆ ಸರಿದಾಗ ಆ ಮನೆತನದ ಇನ್ನೊಬ್ಬ ಹೆಂಗಸಾಗಿ ಆನ್ ಬ್ಯಾಕ್ಸ್‌ಟರ್ ಬಂದರು. 1950ರ 'ಆಲ್ ಅಬೌಟ್ ಈವ್' ಚಿತ್ರದಲ್ಲಿ ಡೇವಿಸ್ ಅವರ ಪಾತ್ರವನ್ನು ಬದಿಗೊತ್ತಿ ಮೇಲೇರುವ ಕಿರಿಯ ನಟಿಯಾಗಿ ಅಭಿನಯಿಸಿದ್ದವರೂ ಇದೇ ಬ್ಯಾಕ್ಸ್‌ಟರ್!

ಧಾರಾವಾಹಿಗೆ ಮೂಲ ಆರ್ಥರ್ ಹೇಲಿಯವರ 1965ರ ಕಾದಂಬರಿ. ಅದರ ಕಥೆ ನಡೆಯುವುದು ನ್ಯೂ ಆರ್ಲಿಯನ್ಸ್ ನಗರದಲ್ಲಿ. ಅದರಲ್ಲಿ ಒಂದು ಮುಖ್ಯ ಘಟನೆಯಿದೆ: ಮುಂಗಡವಾಗಿ ಕೋಣೆ ಗೊತ್ತುಮಾಡಿಕೊಂಡು ಬಂದ ಕರಿಯ ದಂತವೈದ್ಯರೊಬ್ಬರನ್ನು, ಬಣ್ಣದ ಕಾರಣಕ್ಕಾಗಿ ಒಳಗೆ ಸೇರಿಸದೆ ಕಳುಹಿಸಿಬಿಡುತ್ತಾರೆ. ಹೊಟೇಲುಗಳಲ್ಲಿ ಇಂತಹ ಭೇದವನ್ನು ನಿಷೇಧಿಸುವ ಕಾನೂನು ಅಮೆರಿಕದಲ್ಲಿ ಬಂದದ್ದೇ 1964ರ ಜುಲೈಯಲ್ಲಿ. ಕಾದಂಬರಿ ಎತ್ತಿದ ಪ್ರಶ್ನೆ ಅತಿಥಿಯ ಹಕ್ಕಿನದು. ಕೆಲಸಗಾರನ ಹಕ್ಕಿನ ಪ್ರಶ್ನೆ ಎದ್ದದ್ದು ಬೇರೊಂದು ಊರಿನಲ್ಲಿ. ಮುಂದೆ ದೂರದರ್ಶನದವರು ಕಥೆಯನ್ನು ಸಾಗಿಸಿಕೊಂಡು ಹೋದ ಅದೇ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ.

ಧಾರಾವಾಹಿಯಲ್ಲಿ ಸೇಂಟ್ ಗ್ರೆಗರಿಯ ಹೊರನೋಟವಾಗಿ ತೋರಿಸಿದ್ದು ಅಲ್ಲಿಯ ನಾಬ್ ಹಿಲ್ ಗುಡ್ಡದ ಮೇಲಿರುವ ಫೇರ್‌ಮಾಂಟ್ ಹೊಟೇಲನ್ನು. ಅದರ ಕಟ್ಟಡ ಇನ್ನೇನು ಸಿದ್ಧವಾಗುತ್ತಿದೆ ಎನ್ನುವಾಗ 1906ರ ಏಪ್ರಿಲ್ 18ರ ಭೂಕಂಪವೂ, ಬೆನ್ನಿಗೇ ಬಂದ ಬೆಂಕಿಯೂ ಅದನ್ನು ಹಾಳುಗೆಡವಿದವು. ಜೂಲಿಯಾ ಮಾರ್ಗನ್ ಎಂಬ ಮಹಿಳಾ ವಾಸ್ತುಶಿಲ್ಪಿ ಅದನ್ನು ದುರಸ್ತಿಗೊಳಿಸಿದರು. ಸರಿಯಾಗಿ ಒಂದು ವರ್ಷಕ್ಕೆ ಬಾಗಿಲು ತೆರೆಯಿತು. ವಿಶ್ವಸಂಸ್ಥೆಯ ಸನ್ನದನ್ನು ರೂಪಿಸಲು 1945ರಲ್ಲಿ ರಾಷ್ಟ್ರಗಳ ಪ್ರತಿನಿಧಿಗಳು ಸೇರಿದ್ದೂ ಈ ನಗರದಲ್ಲಿಯೇ. ಅಂದು ಭಾರತದ ನಿಯೋಗದ ನಾಯಕರಾಗಿದ್ದ ಸರ್ ಎ. ರಾಮಸ್ವಾಮಿ ಮುದಲಿಯಾರರು ಮರುವರ್ಷ ಮೈಸೂರಿನ ದಿವಾನರಾದರು.

ಇದು ಮುಂಬಾಗಿಲಿನ ಚರಿತ್ರೆ. ಹಿಂಬಾಗಿಲಿನದು ಬೇರೆಯೇ ಇದೆ. 1937ರ ಮೇ 1ರಂದು ಆ ನಗರದ ದೊಡ್ಡ ಹೊಟೇಲುಗಳ ಕೆಲಸಗಾರರು ಹೂಡಿದ ಮುಷ್ಕರ 89 ದಿನ ನಡೆಯಿತು. ಆದರೂ ಕರಿಯರಿಗೆ ಸಿಗುತ್ತಿದ್ದುದು ಬಹುಮಟ್ಟಿಗೆ ಕಣ್ಣಿಗೆ ಬೀಳದ ಕೆಲಸ: ಗುಡಿಸುವುದು, ಪಾತ್ರೆ ತೊಳೆಯುವುದು, ಹಾಸಿಗೆ ಬದಲಿಸುವುದು. ಅತಿಥಿಗಳನ್ನು ಎದುರುಗೊಳ್ಳುವ ಕೌಂಟರಿನ ಹಿಂದೆ ಅವರಿಗೆ ಸ್ಥಳವಿರಲಿಲ್ಲ.

ಇದರ ವಿರುದ್ಧ 1964ರಲ್ಲಿ ತರುಣ ತರುಣಿಯರು ಶೆರಟನ್-ಪ್ಯಾಲೇಸ್ ಹೊಟೇಲಿನ ಮುಂದೆ ಸೇರಿದರು. ಅವರ ಮುಂದಾಳುಗಳಲ್ಲಿ ಪ್ರಮುಖಳು ಟ್ರೇಸಿ ಸಿಮ್ಸ್ ಎಂಬ ಹದಿನೆಂಟರ ಹುಡುಗಿ. ಮಾರ್ಚ್ ಮೊದಲ ವಾರದ ಒಂದು ರಾತ್ರಿ ನೂರಾರು ಮಂದಿ ಹೊಟೇಲಿನ ಒಳಾಂಗಣದ ನೆಲದ ಮೇಲೆಯೇ ಕುಳಿತುಬಿಟ್ಟರು. ಪೊಲೀಸರು 167 ಜನರನ್ನು ಬಂಧಿಸಿ ಒಯ್ದರು. ಕೊನೆಗೆ ಮೇಯರ್ ಜಾನ್ ಶೆಲ್ಲಿಯವರು ನಡುವೆ ಬಂದು ಒಪ್ಪಂದ ಮಾಡಿಸಿದರು. ಪ್ಯಾಲೇಸ್ ಮಾತ್ರವಲ್ಲ, ನಗರದ ಇತರ ಪ್ರಮುಖ ಹೊಟೇಲುಗಳೂ ಭೇದವಿಲ್ಲದೆ ಕೆಲಸ ಕೊಡುವುದಾಗಿ ಒಪ್ಪಿಕೊಂಡವು.

ಇದಾಗಿ ಹತ್ತೊಂಬತ್ತು ವರ್ಷಗಳ ಮೇಲೆ ಧಾರಾವಾಹಿ ಬಂತು. ಅದರಲ್ಲಿ ಸೇಂಟ್ ಗ್ರೆಗರಿಯ ಅತಿಥಿಗಳ ವಿಚಾರಣೆಯ ಕೌಂಟರಿನಲ್ಲಿ ನಿಂತು ನಗುನಗುತ್ತ ಮಾತನಾಡಿಸುವವಳು ಜೂಲಿ ಎಂಬ ಕರಿಯ ಯುವತಿ. ಆ ಪಾತ್ರ ವಹಿಸಿದ್ದವರು ಪ್ರಸಿದ್ಧ ಗಾಯಕ ಹ್ಯಾರಿ ಬೆಲಫಾಂಟೆಯವರ ಮಗಳು ಶಾರಿ ಬೆಲಫಾಂಟೆ. ಭದ್ರತೆಯ ಮುಖ್ಯಸ್ಥನ ಪಾತ್ರದಲ್ಲಿಯೂ ಕರಿಯ ನಟ ನೇಥನ್ ಕುಕ್. ಮನರಂಜನೆಗೆಂದು ನೋಡಿದವರಿಗೆ ಇದು ಸಾಮಾನ್ಯ ಸಂಗತಿಯಾಗಿ ಕಂಡಿರಬಹುದು. ಆದರೆ ಅದೇ ಊರಿನಲ್ಲಿ, ಅಂತಹ ಕೆಲಸದ ಹಕ್ಕಿಗಾಗಿ ಹುಡುಗರು ಸೆರೆಗೆ ಹೋಗಿದ್ದರೆಂಬುದನ್ನು ನಾವು ಮರೆಯಬಾರದು.

ಹಾಗೆಂದು ಹಿಂಬಾಗಿಲಿನವರೆಲ್ಲರೂ ಮುಂದೆ ಬಂದರೆಂದು ಅಲ್ಲ. ಧಾರಾವಾಹಿ ಆರಂಭವಾಗುವ ಮೂರು ವರ್ಷ ಮೊದಲು, 1980ರ ಬೇಸಿಗೆಯಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದ ಸಾವಿರಾರು ಹೊಟೇಲ್ ಕೆಲಸಗಾರರು ಮತ್ತೆ ಮುಷ್ಕರ ಹೂಡಿದ್ದರು. ಅದರ ಮುಂಚೂಣಿಯಲ್ಲಿದ್ದವರು ಕೋಣೆ ಸ್ವಚ್ಛಮಾಡುವ ಹೆಂಗಸರು. ಅವರಲ್ಲಿ ಹಲವರು ಚೀನಾ, ಫಿಲಿಪ್ಪೀನ್ಸ್, ಲ್ಯಾಟಿನ್ ಅಮೆರಿಕಗಳಿಂದ ವಲಸೆ ಬಂದವರು. ಸಂಬಳದಷ್ಟೇ, ದಿನಕ್ಕೆ ಎಷ್ಟು ಕೋಣೆ ಮುಗಿಸಬೇಕೆಂಬುದೂ ಅವರಿಗೆ ದೊಡ್ಡ ಪ್ರಶ್ನೆಯಾಗಿತ್ತು. ಸೇಂಟ್ ಗ್ರೆಗರಿಯ ಖಾಯಂ ಪಾತ್ರವರ್ಗದ ಮುಂದಿನ ಸಾಲಿನಲ್ಲಿ ಇವರು ಇರಲಿಲ್ಲ. 2018ರಲ್ಲಿ, 1964ರ ಅದೇ ಪ್ಯಾಲೇಸ್ ಸೇರಿದಂತೆ ನಗರದ ಏಳು ಹೊಟೇಲುಗಳ ಕೆಲಸಗಾರರು ಎರಡು ತಿಂಗಳು ಹೊರಗೆ ನಿಂತರು. ಬದುಕಲು ಒಂದು ನೌಕರಿ ಸಾಕಾಗುವಂತಿರಬೇಕು ಎಂಬುದೇ ಅವರ ಬೇಡಿಕೆ.

ಇದನ್ನೆಲ್ಲ ಓದುವಾಗ ನಮ್ಮ ಮನಸ್ಸು ಮಾಟುಂಗಕ್ಕೆ, ಫೋರ್ಟಿಗೆ ಓಡುತ್ತದೆ. ಮಾಟುಂಗದಲ್ಲಿ 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಆರಂಭಿಸಿದ ಎ. ರಾಮ ನಾಯಕರು ಅಡುಗೆಮನೆಯ ಕೆಲಸದಿಂದಲೇ ಮೇಲೆ ಬಂದವರು. ಅವರಂತೆ ಹೆಸರಾದವರು ಕೆಲವರು. ಹಗಲೆಲ್ಲ ಮೇಜು ಒರೆಸಿ, ಲೋಟ ತೊಳೆದು, ಸಂಜೆ ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡು ಕನ್ನಡ ರಾತ್ರಿಶಾಲೆಯ ಬೆಂಚಿನ ಮೇಲೆ ಕುಳಿತ ಹುಡುಗರು ಅಸಂಖ್ಯ. ಅವರಲ್ಲಿ ಕೆಲವರು ಬ್ಯಾಂಕು ಸೇರಿದರು, ಕೆಲವರು ವಕೀಲರಾದರು, ಕೆಲವರು ತಾವೇ ಗಲ್ಲೆಯ ಮೇಲೆ ಕುಳಿತರು. ಅನೇಕರು ಮಾಣಿಗಳಾಗಿಯೇ ಮುದುಕರಾಗಿ ಊರಿಗೆ ಮರಳಿದರು.

ಗಲ್ಲೆಯ ಮೇಲೆ ಕುಳಿತವರ ಭಾವಚಿತ್ರಗಳು ನಮ್ಮ ಸಂಘಸಂಸ್ಥೆಗಳ ಗೋಡೆಗಳ ಮೇಲಿವೆ, ಸ್ಮರಣಸಂಚಿಕೆಗಳಲ್ಲಿಯೂ ಇವೆ. ಲೋಟ ತೊಳೆದವರ ಮಾತು ಮಾತ್ರ ಮನೆಯೊಳಗೆಯೂ ಅಷ್ಟಾಗಿ ಬರುವುದಿಲ್ಲ. ಹೇಳಿಕೊಳ್ಳಲು ಅಜ್ಜನಿಗೆ ಸಂಕೋಚ, ಕೇಳಲು ಮೊಮ್ಮಕ್ಕಳಿಗೆ ಪುರುಸೊತ್ತಿಲ್ಲ. ಬೇರೆಯವರ ಹೊಟೇಲಿನ ಕಥೆಯಲ್ಲಿ ಕಾಣದೆ ಹೋದವರನ್ನು ನಾವು ಇಷ್ಟು ಸುಲಭವಾಗಿ ಗುರುತಿಸಬಲ್ಲೆವಾದರೆ, ನಮ್ಮ ಮನೆಯ ಕಥೆಯಲ್ಲಿಯೂ ಅವರನ್ನು ಹುಡುಕಬೇಕಲ್ಲವೇ? ಯಾವ ಹೊಟೇಲು, ಎಷ್ಟು ಸಂಬಳ, ಯಾವ ರಾತ್ರಿಶಾಲೆ ಎಂದು ಹಿರಿಯರನ್ನು ಕೇಳಿ ಬರೆದಿಟ್ಟುಕೊಳ್ಳುವ ಕೆಲಸ ಈಗಲೇ ಆಗಬೇಕು. ಹೇಳಬಲ್ಲವರು ದಿನೇದಿನೇ ಕಡಿಮೆಯಾಗುತ್ತಿದ್ದಾರೆ.